ಬೀಡಿ, ಗುಟ್ಕಾ ಬಿಡಿಸೋ ಕೆಲಸಕ್ಕೆ ಊರಿನ ದುಡ್ಡು: ಯಾವ ಬಾಬ್ತಿನದು ಯಾವುದಕ್ಕೆ ಹೊಂದುತ್ತದೆ?

ಮೇ 31, ವಿಶ್ವ ತಂಬಾಕು ರಹಿತ ದಿನ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಾಥಾ ಹೊರಡುತ್ತದೆ. ಶಾಲೆ ಮಕ್ಕಳು ಗೂಡಂಗಡಿಯವರ ಕೈಗೆ ಗುಲಾಬಿ ಕೊಡುತ್ತಾರೆ, ಶಾಲೆ ಸುತ್ತ ನೂರು ಗಜಕ್ಕೆ ಹಳದಿ ಗೆರೆ ಬಳಿಯುತ್ತಾರೆ, ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಗುಲಾಬಿ ಇಸ್ಕೊಂಡ ಹಮಾಲಿ ಒಬ್ಬ "ಸರಿ ಸಾರ್, ಬಿಡ್ತೀನಿ. ಎಲ್ಲಿಗೆ ಹೋಗ್ಲಿ, ಯಾರನ್ನ ಕೇಳ್ಲಿ?" ಅಂದರೆ ಕೊಡಲು ಉತ್ತರ ಇರಬೇಕಲ್ಲ. ಪಂಚಾಯಿತಿ ಸದಸ್ಯರು, ಪಿಡಿಒ, ಪಾಲಿಕೆ ಇಲ್ಲವೇ ನಗರಸಭೆ ಸದಸ್ಯರು, ಆಸ್ಪತ್ರೆಯ ಖರ್ಚುವೆಚ್ಚ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇರುವವರು, ಸ್ತ್ರೀಶಕ್ತಿ ಸಂಘದವರು, ಹೀಗೆ ಸ್ವಲ್ಪವಾದರೂ ಸಾರ್ವಜನಿಕ ಹಣದ ಮೇಲೆ ಮಾತಾಡುವ ಹಕ್ಕಿರುವವರಿಗಾಗಿ ಈ ಬರಹ.

ಕರ್ನಾಟಕದಲ್ಲಿ 2016-17ರ ವಯಸ್ಕರ ತಂಬಾಕು ಸಮೀಕ್ಷೆ ಹೇಳಿದ್ದು ಹೀಗೆ: ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಜಗಿಯುವ, ಬಾಯಲ್ಲಿ ಇಡುವವರು ಶೇ 16.3. ಅಂದರೆ ನಮ್ಮಲ್ಲಿ ಸೇದುವವರಿಗಿಂತ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಗುಟ್ಕಾ ಹಾಕುವವರೇ ಹತ್ತಿರ ಹತ್ತಿರ ಎರಡು ಪಟ್ಟು. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಒಂದೇ ದಾರದಲ್ಲಿ ನೇತಾಡುತ್ತಿವೆ, ಗೊತ್ತಿರುವ ಸಂಗತಿ. ಹೀಗಾಗಿ "ಧೂಮಪಾನ ಬಿಡಿಸುವ ಕೇಂದ್ರ" ಅಂತ ಮಾತ್ರ ಬೋರ್ಡು ಹಾಕಿದರೆ ಅರ್ಧಕ್ಕಿಂತ ಹೆಚ್ಚು ಜನ ಅದು ತಮಗಲ್ಲ ಅಂದುಕೊಳ್ಳುತ್ತಾರೆ. ಅದರಲ್ಲೂ ಹೆಂಗಸರು. ಅವರಲ್ಲಿ ಸೇದುವವರು ತೀರಾ ಕಡಿಮೆ, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರು ಸಾಕಷ್ಟು.

ಈಗಾಗಲೇ ಪುಕ್ಕಟೆ ಇರುವುದಕ್ಕೆ ದುಡ್ಡು ಹಾಕಬೇಡಿ

ಬಿಡಲು ಹೊರಟವರಿಗೆ ಬೇಕಾಗುವುದು ಮೂರು: ಕೇಳಿಸಿಕೊಂಡು ದಾರಿ ಹೇಳುವವರು, ತಲಬು ತಡೆಯಲು ಔಷಧಿ, ಮೊದಲ ತಿಂಗಳು ಬೆನ್ನು ಬಿಡದೆ ವಿಚಾರಿಸುವವರು. ನಾಲ್ಕನೆಯದಾಗಿ ಎಲ್ಲರೂ ಸೇರಿಸುವುದು ಜಾಗೃತಿ. ಅದಕ್ಕೆ ಈಗಾಗಲೇ ಸಾಕಷ್ಟು ಖರ್ಚಾಗುತ್ತಿದೆ, ಬಿಟ್ಟುಬಿಡೋಣ.

ಮೊದಲನೆಯದಕ್ಕೆ ಸರ್ಕಾರದ ಉಚಿತ ವ್ಯವಸ್ಥೆ ಇದೆ. 1800-11-2356 ಎಂಬ ರಾಷ್ಟ್ರೀಯ ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ಸಲಹೆ ಕೊಡುವ ಸಹಾಯವಾಣಿ, 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು; 2018ರಿಂದ ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಅದೇ ವರ್ಷ ಸೆಪ್ಟೆಂಬರಿನಿಂದ ಪ್ರತಿ ಸಿಗರೇಟು, ಬೀಡಿ, ಜರ್ದಾ ಪೊಟ್ಟಣದ ಮೇಲೂ ಆ ನಂಬರು ಅಚ್ಚಾಗಿದೆ. ದಿನಕ್ಕೆ ಹತ್ತು ಸಲ ಕೈಗೆ ಬರುವ ಪೊಟ್ಟಣದ ಮೇಲಿದ್ದೂ ಎಷ್ಟು ಜನ ಓದಿದ್ದಾರೆ ಅನ್ನುವುದು ಬೇರೆ ಮಾತು. ಮನಸ್ಸಿನ ಬೇರೆ ತೊಂದರೆಗಳೂ ಜೊತೆಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜು ಕಳಿಸುವ ವ್ಯವಸ್ಥೆಯೂ ಇದೆ. ನಮ್ಮ ಕಡೆ ಮೆಸೇಜು ಓದುವವರಿಗಿಂತ ಮಾತು ಕೇಳುವವರು ಹೆಚ್ಚಾದ್ದರಿಂದ ನಾನು ಅದನ್ನು ಕೊನೆಗೆ ಇಡುತ್ತೇನೆ.

ಇನ್ನು ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶವಿದೆ. ಅದರಡಿಯ ವ್ಯಸನಮುಕ್ತಿ ಕೇಂದ್ರ ಇರುವುದು ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ. ಒಬ್ಬ ಜಿಲ್ಲಾ ಸಲಹೆಗಾರರು, ಒಬ್ಬ ಆಪ್ತಸಮಾಲೋಚಕರು, ಒಬ್ಬ ಸಮಾಜ ಕಾರ್ಯಕರ್ತರು ಅನ್ನುವುದು ಲೆಕ್ಕ. ದಾವಣಗೆರೆ ಪೇಟೆಯವರಿಗೆ ಚಿಗಟೇರಿ ಆಸ್ಪತ್ರೆ ಆಟೊದಲ್ಲಿ ಹೋಗಿ ಬರುವ ದೂರ. ಜಗಳೂರಿನ ಒಳಗಿನ ಹಳ್ಳಿಯವರಿಗೆ, ಮೊಳಕಾಲ್ಮುರಿನವರಿಗೆ ಅದು ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು. ಊರಿನ ದುಡ್ಡು ಕೆಲಸಕ್ಕೆ ಬರುವುದು ಈ ದೂರ ತುಂಬಲು.

ಇನ್ನೊಂದು ಪುಕ್ಕಟೆ ವಸ್ತು ಯಾರ ಗಮನಕ್ಕೂ ಬರುವುದಿಲ್ಲ: ಪಟ್ಟಿ. ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ತಂಬಾಕು ಬಳಸುತ್ತೀರಾ ಎಂಬ ಪ್ರಶ್ನೆ ಇದೆ, ಅದಕ್ಕೆ ಅಂಕವೂ ಇದೆ. ಊರಲ್ಲಿ ಯಾರು ಬಳಸುತ್ತಾರೆ ಎಂದು ಹೊಸದಾಗಿ "ಸರ್ವೆ" ಮಾಡಿಸಲು ಹಣ ಇಡಬೇಕು ಎಂದು ಯಾರಾದರೂ ಪ್ರಸ್ತಾಪ ತಂದರೆ, ಮೊದಲು ಆ ನಮೂನೆಗಳನ್ನು ನೋಡಿ.

ಗಮ್ಮಿನ ಲೆಕ್ಕ

ಯಾವ ಬಾಬ್ತಿನ ಹಣ ಎಂದು ಹುಡುಕುವ ಮೊದಲು ಔಷಧಿ ಖರ್ಚು ಎಷ್ಟು ಎಂದು ಕೂತು ಲೆಕ್ಕ ಹಾಕಬೇಕು. ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ.

ತಲಬು ತಡೆಯಲು ತಂಬಾಕಿನ ಬದಲು ಬಾಯಿಗೆ ಹಾಕಿಕೊಳ್ಳುವ ನಿಕೋಟಿನ್ ಗಮ್ ಎರಡು ಅಳತೆಯಲ್ಲಿ ಬರುತ್ತದೆ, 2 ಮಿಲಿಗ್ರಾಂ, 4 ಮಿಲಿಗ್ರಾಂ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4, ಮಿಕ್ಕವರಿಗೆ 2. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಹನ್ನೆರಡು ವಾರದ ಪೂರ್ತಿ ಕ್ರಮ ಇದು. ಮೊದಲ ಹಂತದಲ್ಲಿ ದಿನಕ್ಕೆ 10 ಹಿಡಿದರೆ 420, ಎರಡನೆಯದರಲ್ಲಿ ದಿನಕ್ಕೆ 5ರಂತೆ 105, ಕೊನೆಗೆ ದಿನಕ್ಕೆ 3ರಂತೆ 63. ಒಟ್ಟು 588. ಒಂದಕ್ಕೆ 10 ರೂಪಾಯಿ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಂಡರೆ ಒಬ್ಬರಿಗೆ 5,880 ರೂಪಾಯಿ. ನಿಮ್ಮ ಊರಿನ ಮೆಡಿಕಲ್ ಶಾಪಿನ ದರ ಹಾಕಿಕೊಂಡು ಮತ್ತೆ ಗುಣಿಸಿ. ಸಗಟಾಗಿ ಕೊಂಡರೆ ಇಳಿಯುತ್ತದೆ, ಆದರೆ ಅಂದಾಜು ಸಾವಿರಗಳಲ್ಲೇ ಇರುತ್ತದೆ.

ಈ ಲೆಕ್ಕ ಗೊತ್ತಿಲ್ಲದೆ ಶಿಬಿರದ ದಿನ ಬಂದವರಿಗೆಲ್ಲ ಒಂದೊಂದು ಹಾಳೆ ಗಮ್ ಹಂಚಿ ಕಳಿಸುವುದುಂಟು. ಒಂದು ಹಾಳೆ ಒಂದು ದಿನಕ್ಕೆ ಆಗುತ್ತದೆ. ಮೂರನೇ ದಿನಕ್ಕೆ, ಅಂದರೆ ತಲಬು ತೀರಾ ಜೋರಾಗಿರುವ ಹೊತ್ತಿಗೆ, ಅವರ ಜೇಬಲ್ಲಿ ಗಮ್ ಇಲ್ಲ, ಬೀಡಿಗೆ ಕಾಸಿದೆ. ಮೂವತ್ತು ಜನಕ್ಕೆ ಒಂದೊಂದು ಹಾಳೆ ಕೊಡುವ ದುಡ್ಡಲ್ಲಿ ಒಬ್ಬರಿಗಾದರೂ ತಿಂಗಳು ಪೂರ್ತಿ ಕೊಡುವುದು ಮೇಲು. ಸಭೆಯಲ್ಲಿ ಇದನ್ನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಮೂವತ್ತು ಸಹಿ ಇರುವ ಹಾಜರಿ ಪಟ್ಟಿ ಬಿಲ್ಲಿಗೆ ಲಗತ್ತಿಸಲು ಅನುಕೂಲ.

ಗಮ್ ಜಗಿಯುವ ರೀತಿ ಹೇಳಿಕೊಡದಿದ್ದರೆ ಕೊಂಡದ್ದೆಲ್ಲ ದಂಡ. ನಮ್ಮ ಕಡೆಯವರ ಬಾಯಿಗೆ ಎಲೆ ಅಡಿಕೆ ಅಭ್ಯಾಸ. ಹಾಕಿದ ಕೂಡಲೇ ಜೋರಾಗಿ ಜಗಿದು ರಸ ನುಂಗುತ್ತಾರೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು. "ಇದಕ್ಕಿಂತ ಬೀಡಿನೇ ವಾಸಿ ಕಣ್ರೀ" ಎಂದು ಒಬ್ಬ ಲಾರಿ ಡ್ರೈವರು ಪೊಟ್ಟಣ ವಾಪಸ್ ತಂದಿಟ್ಟದ್ದನ್ನು ಕಂಡಿದ್ದೇನೆ. ಅಲ್ಲಿದ್ದ ನರ್ಸಮ್ಮ ಬೇಸರ ಮಾಡಿಕೊಳ್ಳದೆ ಎದುರು ಕೂರಿಸಿಕೊಂಡು ಇನ್ನೊಂದು ಬಾಯಿಗೆ ಹಾಕಿಸಿದರು. "ನಿಧಾನಕ್ಕೆ ನಾಕೈದು ಸಲ ಅಗೀರಿ ಅಣ್ಣಾರೆ. ಈಗ ಖಾರ ಕಚ್ಚಿದಂಗಾಯ್ತಾ? ನಿಲ್ಸಿ. ದವಡೆ ಸಂದಿಗೆ ಒತ್ತರಿಸಿ ಇಟ್ಕಳ್ಳಿ. ಖಾರ ಇಳೀತಾ? ಮತ್ತೆ ಅಗೀರಿ. ರಸ ನುಂಗಬ್ಯಾಡ್ರಿ. ಅರ್ಧ ಗಂಟೆ ಹಿಂಗೇ." ಅದಕ್ಕೆ ಮೊದಲು ಕಾಲು ಗಂಟೆ ಕಾಫಿ, ಸೋಡಾ, ಜ್ಯೂಸು ಏನೂ ಕುಡಿಯಬಾರದು ಅನ್ನುವುದನ್ನೂ ಹೇಳಿದರು, ಹುಳಿಯಿದ್ದರೆ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. ಇಷ್ಟು ಹೇಳಲು ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಯಾವ ಲೆಕ್ಕ ಶೀರ್ಷಿಕೆಯಲ್ಲೂ ಹಣ ಇಡುವುದಿಲ್ಲ.

ತಲಬು ತಗ್ಗಿಸುವ ಬುಪ್ರೊಪಿಯಾನ್, ವೆರೆನಿಕ್ಲಿನ್ ಮಾತ್ರೆಗಳು ವೈದ್ಯರ ಚೀಟಿಯ ಮೇಲೆ ಮಾತ್ರ. ಫಿಟ್ಸ್ ಇದ್ದವರಿಗೆ ಬುಪ್ರೊಪಿಯಾನ್ ಆಗದು. ಜುಲೈ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರ ತಂಬಾಕು ಬಿಡಿಸುವ ಚಿಕಿತ್ಸೆಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೂ ಇವೆ, ಗಮ್ಮಿನಂಥ ನಿಕೋಟಿನ್ ಬದಲಿಯೂ ಇದೆ. ನಿಕೋಟಿನ್ ಬದಲಿ ನಮ್ಮ ದೇಶದ 2022ರ ಅವಶ್ಯಕ ಔಷಧಿಗಳ ಪಟ್ಟಿಗೂ ಸೇರಿದೆ. ಆಸ್ಪತ್ರೆಯವರು "ಇದು ನಮ್ಮ ಪಟ್ಟಿಯ ಔಷಧಿ ಅಲ್ಲ" ಎಂದರೆ ಈ ಎರಡು ಮಾತು ನೆನಪಿರಲಿ.

ಹಳ್ಳಿ ಮಟ್ಟದ ಮೂರು ಜೇಬು

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ, ಬರುತ್ತದೆ. ಕೇಳಿ ಪಡೆಯಲು ತೀರಾ ಸುಲಭ: ಆಶಾ ಕಾರ್ಯಕರ್ತೆ ಸಮಿತಿಯಲ್ಲೇ ಇರುತ್ತಾರೆ, ಠರಾವು ಊರಲ್ಲೇ ಆಗುತ್ತದೆ. ಮೇಲಿನ ಗಮ್ಮಿನ ಲೆಕ್ಕದ ಪಕ್ಕ ಇಟ್ಟು ನೋಡಿ: ಪೂರ್ತಿ ಹಣ ಸುರಿದರೂ ಇಬ್ಬರಿಗೆ ಸಾಲದು. ಅದೇ ಹಣ ಬಡವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ಬಸ್ ಚಾರ್ಜಿಗೆ, ಬಿಟ್ಟವರೆಲ್ಲ ವಾರಕ್ಕೊಮ್ಮೆ ಕೂಡುವ ಸಣ್ಣ ಸಭೆಗೆ ಧಾರಾಳ. ನನ್ನ ಪ್ರಕಾರ ಇದು ಔಷಧಿಯ ದುಡ್ಡಲ್ಲ, ಓಡಾಟದ ದುಡ್ಡು.

ಎರಡನೆಯದು 15ನೇ ಹಣಕಾಸು ಆಯೋಗದ ಅನುದಾನ. ಪಂಚಾಯಿತಿಗೆ ಬರುವ ಮೂಲ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ ಶೇ 40 ಸಂವಿಧಾನದ ಹನ್ನೊಂದನೇ ಅನುಸೂಚಿಯ, ಅಂದರೆ ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯ, ವಿಷಯಗಳಿಗೆ ಬಳಸಬಹುದು, ಸಂಬಳ ಮತ್ತು ಕಚೇರಿ ವೆಚ್ಚ ಬಿಟ್ಟು. ಅನುಸೂಚಿಯಲ್ಲಿ ಆರೋಗ್ಯವಿದೆ. ಹಾಗಾಗಿ "ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ" ಎನ್ನುವ ಮಾತು ಔಷಧಿ ಖರೀದಿಗೆ ಪೂರ್ತಿ ನಿಜವಲ್ಲ. ಆಪ್ತಸಮಾಲೋಚಕರ ಸಂಬಳಕ್ಕೆ ಪೂರ್ತಿ ನಿಜ. ಕ್ರಿಯಾಯೋಜನೆಯಲ್ಲಿ ಮೊದಲೇ ಸೇರಿರಬೇಕು, ಅಷ್ಟೆ. ತೊಡಕಿರುವುದು ಬೇರೆ ಕಡೆ. ಈ ಷರತ್ತುಗಳು 2021ರಿಂದ 2026ರ ಮಾರ್ಚ್‌ವರೆಗಿನ ಈ ಆಯೋಗದ ಅವಧಿಯವು. ಅದಾದಮೇಲೆ ಬರುವುದು ಮುಂದಿನ ಆಯೋಗದ ಷರತ್ತು, ಹಾಗಾಗಿ ಇದರ ಮೇಲೆ ಮೂರು ವರ್ಷದ ಕೆಲಸ ಕಟ್ಟಬೇಡಿ. ರಸ್ತೆ, ಚರಂಡಿ ಬಿಟ್ಟು ಇದಕ್ಕೆ ಹಣ ಬಿಡಿಸುವಷ್ಟು ಗಟ್ಟಿ ಸದಸ್ಯರೂ ಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಪಂಚಾಯಿತಿಯ ಸ್ವಂತ ಆದಾಯ: ಮನೆ ಕಂದಾಯ, ಸಂತೆ ಸುಂಕ, ಮಳಿಗೆ ಬಾಡಿಗೆ. ಷರತ್ತು ಕಡಿಮೆ, ಹಣವೂ ಕಡಿಮೆ. ಆದರೆ ಹೆದ್ದಾರಿ 48ರ ಮಗ್ಗುಲಿನ ಪಂಚಾಯಿತಿಗಳಲ್ಲಿ ಕಾರ್ಖಾನೆ, ಗೋದಾಮು, ಡಾಬಾಗಳ ತೆರಿಗೆ ಬರುವ ಕಡೆ ಇದು ಸಣ್ಣ ಮೊತ್ತವೇನಲ್ಲ. ಮೂರರಲ್ಲಿ ಆಯ್ಕೆ ಮಾಡಿ ಅಂದರೆ ನಾನು ಇದನ್ನೇ ಹಿಡಿಯುತ್ತೇನೆ. ಮೇಲಿನವರ ಅನುದಾನಕ್ಕೆ ಕಾಯದೆ ವರ್ಷ ವರ್ಷ ಬರುವ ದುಡ್ಡು ಇದೊಂದೇ. ತಂಬಾಕು ಬಿಟ್ಟವರು ಮತ್ತೆ ಹಿಡಿಯುವುದು ಸಾಮಾನ್ಯ. ಹೋದ ವರ್ಷ ಸೋತವರು ಈ ವರ್ಷ ಮತ್ತೆ ಬರುತ್ತಾರೆ, ಆಗ ಬಾಗಿಲು ತೆರೆದಿರಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯನ್ನು ಮರೆಯಬೇಡಿ. ಮುಕ್ತ ನಿಧಿ, ನಿರ್ವಹಣೆ ಎಲ್ಲ ಸೇರಿ ಪ್ರಾಥಮಿಕ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷ, ಸಮುದಾಯ ಆರೋಗ್ಯ ಕೇಂದ್ರಕ್ಕೆ 5 ಲಕ್ಷದವರೆಗೆ ಎಂಬ ಅಳತೆ ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು. ಅದರಲ್ಲಿ ನಲ್ಲಿ ರಿಪೇರಿ, ಯುಪಿಎಸ್ ಬ್ಯಾಟರಿ, ಬಣ್ಣ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅನ್ನುವುದು ಆಯಾ ವೈದ್ಯಾಧಿಕಾರಿಯ ಮನಸ್ಸಿನ ಮೇಲಿದೆ. ದೊಡ್ಡ ಅನುಕೂಲ ಏನೆಂದರೆ ಹಣ, ವೈದ್ಯರು, ಔಷಧಿ ಕಪಾಟು ಒಂದೇ ಸೂರಿನಡಿ ಇವೆ. ಪಂಚಾಯಿತಿ ಗಮ್ ಕೊಂಡರೂ ಹಂಚುವುದು ಇಲ್ಲಿಂದಲೇ ಆಗಲಿ. ಗರ್ಭಿಣಿಯರು, ಈಚೆಗೆ ಹೃದಯಾಘಾತ ಆದವರು ವೈದ್ಯರಿಗೆ ತೋರಿಸದೆ ಶುರು ಮಾಡಬಾರದು.

ಪೇಟೆಯ ದುಡ್ಡು

ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ, ಚಿತ್ರದುರ್ಗ ನಗರಸಭೆ. ಸಾರ್ವಜನಿಕ ಆರೋಗ್ಯ ನಗರ ಸಂಸ್ಥೆಗಳ ಹನ್ನೆರಡನೇ ಅನುಸೂಚಿಯಲ್ಲಿದ್ದರೂ ನಮ್ಮಲ್ಲಿ ಅದು ಕಸ, ಫಾಗಿಂಗ್, ಬೀದಿ ನಾಯಿಗಷ್ಟೇ ಎಂಬಂತಾಗಿದೆ. ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಹೋಗಿ ಬೀಡಿ ಬಿಡಿಸುವ ಮಾತೆತ್ತಿದರೆ ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಕಚೇರಿ ತೋರಿಸುತ್ತಾರೆ. ಅಲ್ಲಿ ಹೋದರೆ ಪಾಲಿಕೆ ಜಾಗ ಕೊಟ್ಟರೆ ನೋಡೋಣ ಅನ್ನುತ್ತಾರೆ.

ಈ ಜಗ್ಗಾಟದ ಮಧ್ಯೆ ಸಿಗುವ ಜಾಗ ನಮ್ಮ ಕ್ಲಿನಿಕ್. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ಈ ಕ್ಲಿನಿಕ್ಕುಗಳಲ್ಲಿ ವೈದ್ಯರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ, ಬಿಪಿ ಶುಗರ್ ನೋಡುತ್ತಾರೆ. ಅಲ್ಲೇ ಎರಡು ಮಾತು ಕೇಳಿ, ಗಮ್ ಕೊಟ್ಟು, ನಂಬರು ಬರೆದುಕೊಳ್ಳಲು ಹೊಸ ಕಟ್ಟಡ ಬೇಡ. ಅಡ್ಡಿ ಒಂದೇ, ಸಮಯ. ಬೆಳಿಗ್ಗೆ 9ರಿಂದ ಸಂಜೆ 4:30 ಅನ್ನುವುದು ಮೊದಲಿಂದ ಇಟ್ಟ ವೇಳೆ. ಎಪಿಎಂಸಿ ಹಮಾಲಿ, ಮಂಡಕ್ಕಿ ಭಟ್ಟಿಯಲ್ಲಿ ಹೊಗೆಯ ನಡುವೆಯೇ ದುಡಿದು ಮತ್ತೆ ಬೀಡಿ ಹಚ್ಚುವವರು, ಆಟೊದವರು, ಇವರಲ್ಲಿ ಯಾರೂ ಆ ಹೊತ್ತಿಗೆ ಬರಲಾರರು. ಪಾಲಿಕೆ ಒಂದಿಷ್ಟು ಹಣ ಇಡುವುದಾದರೆ ವಾರಕ್ಕೆರಡು ಸಂಜೆ ಆರರಿಂದ ಎಂಟರವರೆಗೆ ಒಬ್ಬ ಆಪ್ತಸಮಾಲೋಚಕರ ಗೌರವಧನಕ್ಕೆ ಇಡಲಿ. ಸ್ವಂತ ನಿಧಿಯಿಂದ ಇಟ್ಟರೆ ಸಂಬಳದ ಷರತ್ತು ಅಡ್ಡ ಬರುವುದಿಲ್ಲ. ಪೌರಕಾರ್ಮಿಕರಿಂದ ಶುರು ಮಾಡಿದರೆ ಸದಸ್ಯರ ಒಪ್ಪಿಗೆಯೂ ಸುಲಭ, ತನ್ನ ಕೆಲಸಗಾರರ ಆರೋಗ್ಯ ಪಾಲಿಕೆಯದೇ ಹೊಣೆ.

ಪೇಟೆಗೆ ಇರುವ ಇನ್ನೊಂದು ಸವಲತ್ತು ಹಳ್ಳಿಗಿಲ್ಲ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ನಡೆಸುವ ಬಗ್ಗೆ 2018ರಲ್ಲೇ ಕೇಂದ್ರದ ಆರೋಗ್ಯ ಸಚಿವಾಲಯ ಮಾರ್ಗಸೂಚಿ ತಂದಿದೆ. ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡಿವೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ಇದೆ. ಜಗಿಯುವವರ ಬಾಯಿ ನೋಡಲು, ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಗುರುತಿಸಲು ಇವರಿಗಿಂತ ಸರಿಯಾದವರು ಯಾರು? ಹಲ್ಲು ನೋವೆಂದು ಬಂದವರ ಬಾಯಿಗೆ ಕನ್ನಡಿ ಹಿಡಿದು ತೋರಿಸಿ ಆಡುವ ಮಾತಿಗೆ ಯಾವ ಫ್ಲೆಕ್ಸಿಗೂ ಇಲ್ಲದ ತೂಕ ಇರುತ್ತದೆ. ಪಾಲಿಕೆ ಔಷಧಿ ಕೊಟ್ಟು ಕಾಲೇಜು ಜನ ಕೊಡುವ ಒಡಂಬಡಿಕೆ ಎಲ್ಲಕ್ಕಿಂತ ಅಗ್ಗ. ಪರೀಕ್ಷೆ, ರಜೆ ಬಂದಾಗ ಶಿಬಿರ ನಿಂತುಹೋಗುತ್ತದೆ ಅನ್ನುವುದನ್ನು ಮಾತ್ರ ಒಪ್ಪಂದ ಬರೆಯುವಾಗಲೇ ನೋಡಿಕೊಳ್ಳಿ.

ಜಿಲ್ಲೆಯ ಹಣ, ಗಣಿಯ ಹಣ

ತಂಬಾಕು ನಿಯಂತ್ರಣ ಕಾರ್ಯಕ್ರಮದ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ, ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಬರುತ್ತದೆ. ಸಂಬಳ, ಔಷಧಿ, ತರಬೇತಿ ಎಲ್ಲಕ್ಕೂ ಬಾಬ್ತು ಇರುವುದು ಇದರಲ್ಲಿ ಮಾತ್ರ. ಆದರೆ ಜಿಲ್ಲೆಯ ಪ್ರಸ್ತಾವನೆಯಲ್ಲಿ ಇಂಥ ತಾಲ್ಲೂಕಿನಲ್ಲಿ ಇಂಥದ್ದು ಬೇಕು ಎಂದು ಬರೆಯದಿದ್ದರೆ ಮೇಲಿನಿಂದ ತಾನಾಗಿ ಬರುವುದಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಚುನಾವಣೆ ಆಗದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದಿವೆ. ಹಿಡಿದು ಕೇಳಲು ನಿಮ್ಮ ಕ್ಷೇತ್ರದ ಸದಸ್ಯರಿಲ್ಲದ ಕಾಲದಲ್ಲಿ ಲಿಖಿತ ಮನವಿಗೆ ಬೆಲೆ ಜಾಸ್ತಿ: ಗ್ರಾಮಸಭೆಯ ನಡವಳಿ ಪ್ರತಿ, ಆಶಾ ನಮೂನೆಯಿಂದ ತೆಗೆದ ಸಂಖ್ಯೆ, ಹತ್ತಿರದ ಕೇಂದ್ರಕ್ಕೆ ಇರುವ ದೂರ. ಇಷ್ಟಿದ್ದರೆ ಟಿಎಚ್‌ಒ (ತಾಲ್ಲೂಕು ಆರೋಗ್ಯ ಅಧಿಕಾರಿ) ಅದನ್ನು ಮೇಲಕ್ಕೆ ಕಳಿಸಲು ಕಷ್ಟವಿಲ್ಲ.

ಚಿತ್ರದುರ್ಗದವರಿಗೆ ದಾವಣಗೆರೆಗಿಂತ ಒಂದು ಕೈ ಮೇಲು ಇರುವುದು ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ. ಗಣಿ ನಡೆಸುವವರು ಕಟ್ಟುವ ಹಣವನ್ನು ಗಣಿ ಬಾಧಿತ ಊರುಗಳಿಗೆ ಖರ್ಚು ಮಾಡುವ ಈ ನಿಧಿ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು, ಕಬ್ಬಿಣದ ಅದಿರು ಎತ್ತುವ ಜಿಲ್ಲೆಯಾದ್ದರಿಂದ ಇಲ್ಲಿ ಅದು ಬರೀ ಹೆಸರಿಗಲ್ಲ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಕನಿಷ್ಠ ಶೇ 70 ಹಣ ಆದ್ಯತೆಯ ವಲಯಗಳಿಗೆ ಹೋಗಬೇಕು, ಅದರಲ್ಲಿ ಆರೋಗ್ಯವೂ ಒಂದು. ಗಣಿ ಬಾಧಿತ ಹಳ್ಳಿಗಳಿಗೇ ಮೊದಲ ಹಕ್ಕು. ದೂಳು ಕುಡಿದ ಶ್ವಾಸಕೋಶಕ್ಕೆ ಬೀಡಿ ಹೊಗೆಯೂ ಸೇರಿದರೆ ಏನಾಗುತ್ತದೆ ಎಂದು ಅಲ್ಲಿನ ಕ್ಷಯ ರೋಗ ವಿಭಾಗದವರಿಗೆ ಹೇಳಿಕೊಡಬೇಕಿಲ್ಲ. ಸೇದುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಔಷಧಿ ಮಧ್ಯೆ ಬಿಟ್ಟು ಹೋಗುವ ಸಾಧ್ಯತೆಯೂ ಹೆಚ್ಚು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕಿನ ಗಣಿ ಹಳ್ಳಿಗಳಿಗೆ ಸಂಚಾರಿ ಘಟಕ, ಶ್ವಾಸಕೋಶ ತಪಾಸಣೆ, ಅದರ ಜೊತೆಗೇ ಬೀಡಿ ಬಿಡಿಸುವ ಸಲಹೆ ಎಂದು ಒಂದೇ ಪ್ರಸ್ತಾವನೆ ಕೊಟ್ಟರೆ ಬರೀ "ತಂಬಾಕು ಕೇಂದ್ರ" ಎಂದು ಕೇಳುವುದಕ್ಕಿಂತ ಬಲ. ಈ ನಿಧಿಯ ಚಾಳಿ ಕಟ್ಟಡದ ಕಡೆ. ಕಟ್ಟಡ ಕೇಳಬೇಡಿ, ಬೀಗ ಹಾಕಿದ ಆರೋಗ್ಯ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ.

ದಂಡದ ಹಣದಲ್ಲೇ ನಡೆಸಬಹುದಲ್ಲ ಎನ್ನುವವರಿದ್ದಾರೆ. 2025ರ ಮೇ ಕೊನೆಗೆ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ. ಆದರೂ ದಂಡವನ್ನು ಆದಾಯವೆಂದು ಬಜೆಟ್ ಬರೆಯಬಾರದು. ಕಾನೂನು ಚೆನ್ನಾಗಿ ನಡೆದಷ್ಟೂ ಬರುವ ದಂಡ ಇಳಿಯುತ್ತದೆ, ಬಿಡಬೇಕು ಎಂದು ಬರುವವರು ಏರುತ್ತಾರೆ.

ಹಣ ಕೊಟ್ಟವರು ಏನನ್ನು ಎಣಿಸಬೇಕು

ಈ ಕೆಲಸ ಹೆಚ್ಚಾಗಿ ಸ್ಥಳೀಯ ಸಂಸ್ಥೆಗಳ ತಲೆ ಮೇಲೇ ಇರುವ ದೇಶ ಇಂಗ್ಲೆಂಡ್. 2013ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ಅಲ್ಲಿನ ಸ್ಥಳೀಯ ಕೌನ್ಸಿಲ್‌ಗಳಿಗೆ ಬಂತು, ಜೊತೆಗೆ ಅನುದಾನವೂ. ಮುಂದೆ ಅನುದಾನ ಕುಗ್ಗಿತು, ಬಿಡಿಸುವ ಸೇವೆಗಳಿಗೂ ಕತ್ತರಿ ಬಿತ್ತು. ಕೊನೆಗೆ 2024-25ರಿಂದ ಇದಕ್ಕೆಂದೇ ವರ್ಷಕ್ಕೆ 7 ಕೋಟಿ ಪೌಂಡ್ ಹೆಚ್ಚುವರಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ನಮಗೂ ಅವರಿಗೂ ಹಣದಲ್ಲಿ ಹೋಲಿಕೆಯಿಲ್ಲ. ತೆಗೆದುಕೊಳ್ಳಬಹುದಾದದ್ದು ಅವರ ಎಣಿಕೆ: ಬಿಡುವ ದಿನ ಗೊತ್ತು ಮಾಡಿಕೊಂಡವರು ಎಷ್ಟು, ಅವರಲ್ಲಿ ನಾಲ್ಕು ವಾರದ ನಂತರವೂ ಸೇದದೆ ಇರುವವರು ಎಷ್ಟು. ಶಿಬಿರಕ್ಕೆ ಬಂದವರ ತಲೆ ಎಣಿಸುವುದಿಲ್ಲ. ಬಾಯಿಮಾತು ಸಾಲದೆಂದು ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸಣ್ಣ ಯಂತ್ರ ಊದಿಸುತ್ತಾರೆ.

ಆ ಯಂತ್ರವನ್ನು ಇಲ್ಲಿಯೂ ಮಾರುವವರು ಬರುತ್ತಾರೆ. ಸೇದುವವರಿಗೆ ತೋರಿಸಲು ಚೆನ್ನ, ಅಂಕಿ ಇಳಿದದ್ದು ಕಂಡರೆ ಹುರುಪು ಬರುತ್ತದೆ. ಆದರೆ ಅದು ತೋರಿಸುವುದು ಈಚಿನ ಒಂದು ದಿನದ್ದನ್ನು ಮಾತ್ರ, ಗುಟ್ಕಾ ಹಾಕಿದವರು ಊದಿದರೆ ಏನೂ ತೋರಿಸುವುದಿಲ್ಲ. ಜಗಿಯುವವರೇ ಹೆಚ್ಚಿರುವ ಊರಲ್ಲಿ ಮೊದಲ ಖರೀದಿ ಇದಾಗಬಾರದು. ಅಡಿಕೆ ತೋಟದ ಸೀಮೆಯಲ್ಲಿ, ಚನ್ನಗಿರಿ, ಭೀಮಸಮುದ್ರದ ಕಡೆ, ಅಡಿಕೆಯೇ ಕೆಟ್ಟದ್ದೆಂದು ಮಾತು ಶುರು ಮಾಡಿದರೆ ಸಭೆ ಎದ್ದು ಹೋಗುತ್ತದೆ. ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದ್ದು ನಿಜ, ಮುಚ್ಚಿಡಬೇಕಿಲ್ಲ. ಆದರೂ ಆ ಊರುಗಳಲ್ಲಿ ಮೊದಲು ಹೊಗೆಸೊಪ್ಪಿನಿಂದ ಹಿಡಿಯಿರಿ, ಬಾಯಿ ತಪಾಸಣೆ ಮಾಡಿಸಿ, ಅಡಿಕೆಯ ಮಾತು ದಂತ ವೈದ್ಯರ ಬಾಯಿಂದ ಬರಲಿ.

ಎಣಿಸಲು ಯಂತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಬಿಟ್ಟ ದಿನ, ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೆಂಟು. ಒಬ್ಬರಿಗೆ ಐದು ಫೋನು. ನಲವತ್ತು ಜನಕ್ಕೆ ಇನ್ನೂರು. ಫೋನಿಗೆ 25 ರೂಪಾಯಿಯಂತೆ ಪಂಚಾಯಿತಿ ಸ್ವಂತ ನಿಧಿಯಿಂದ ಒಬ್ಬ ಸಂಘದ ಮಹಿಳೆಗೆ ಕೊಟ್ಟರೂ 5,000 ರೂಪಾಯಿ, ಒಬ್ಬರ ಗಮ್ಮಿಗಿಂತ ಕಡಿಮೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಉಳಿದುಕೊಳ್ಳುವವರು ನೂರಕ್ಕೆ ನಾಲ್ಕೈದು ಮಂದಿ. ಸಲಹೆ, ಔಷಧಿ ಎರಡೂ ಸಿಕ್ಕರೆ ಅದು ಎರಡು ಪಟ್ಟಿಗಿಂತ ಮೇಲೇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗಲೂ ಹೆಚ್ಚಿನವರು ಮೊದಲ ಸಲಕ್ಕೆ ಸೋಲುತ್ತಾರೆ. ನಲವತ್ತರಲ್ಲಿ ಆರು ಮಂದಿ ಉಳಿದರು ಎಂದು ವರದಿ ಬಂದರೆ ಅದು ಪ್ರಾಮಾಣಿಕ ವರದಿ, ಹಣ ಮುಂದುವರಿಸಿ. ಮೂವತ್ತೆಂಟು ಮಂದಿ ಬಿಟ್ಟರು ಎಂದು ಬಂದರೆ ನೋಟ್‌ಬುಕ್ ತರಿಸಿ ನೋಡಿ.

ನಾನಾದರೆ

ಸಣ್ಣ ಪಂಚಾಯಿತಿ, ಆದಾಯ ಕಡಿಮೆ: ಔಷಧಿಗೆ ಕೈ ಹಾಕುವುದಿಲ್ಲ. ಕ್ವಿಟ್‌ಲೈನಿಗೆ ಫೋನು ಹಚ್ಚಿಕೊಡಲು ಒಬ್ಬರನ್ನು ಗೊತ್ತು ಮಾಡಿ, ಗ್ರಾಮ ಆರೋಗ್ಯ ಸಮಿತಿಯ ಹಣ ಓಡಾಟಕ್ಕೆ ಇಟ್ಟು, ಗಮ್ಮಿನ ಬೇಡಿಕೆಯನ್ನು ಆರೋಗ್ಯ ರಕ್ಷಾ ಸಮಿತಿಗೆ ಬರೆಯುತ್ತೇನೆ. ಹೆದ್ದಾರಿ ಬದಿಯ ಅನುಕೂಲಸ್ಥ ಪಂಚಾಯಿತಿಯಾದರೆ ಸ್ವಂತ ನಿಧಿಯಿಂದ ಹತ್ತು ಜನರ ಪೂರ್ತಿ ಹನ್ನೆರಡು ವಾರದ ಗಮ್, ಜೊತೆಗೆ ಫೋನಿನ ಖರ್ಚು, ಹತ್ತೇ ಜನ. ದಾವಣಗೆರೆ ಪೇಟೆಯಲ್ಲಿ ನಮ್ಮ ಕ್ಲಿನಿಕ್ಕಿನ ಸಂಜೆ ಸರದಿ, ದಂತ ಕಾಲೇಜಿನ ಒಪ್ಪಂದ. ಚಿತ್ರದುರ್ಗದ ಗಣಿ ಹಳ್ಳಿಗಳಲ್ಲಿ ಖನಿಜ ಪ್ರತಿಷ್ಠಾನಕ್ಕೇ ನೇರ ಅರ್ಜಿ, ಜಿಲ್ಲಾಧಿಕಾರಿ ಕಚೇರಿಗೆ.

ತಾರೀಕುಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಪಂಚಾಯಿತಿಯ ಮುಂದಿನ ವರ್ಷದ ಯೋಜನೆಯ ಮಾತು ಅಕ್ಟೋಬರ್ 2ರ ಆಸುಪಾಸಿನ ಗ್ರಾಮಸಭೆಗಳಿಂದ ಶುರುವಾಗುತ್ತದೆ. ಪಾಲಿಕೆ, ನಗರಸಭೆಯವರು ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಹಾಜರಿ ಬೆರಳೆಣಿಕೆ, ಹೆಚ್ಚಿನವರು ಮಾತಾಡುವುದು ಬೀದಿ ದೀಪ, ಒಳಚರಂಡಿ. ಒಂದು ಪುಟದ ಮನವಿ, ಅದರಲ್ಲಿ ಒಬ್ಬರಿಗೆ ತಗಲುವ ಖರ್ಚು ಮತ್ತು ಎಣಿಸುವ ಬಗೆ ಬರೆದು, ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.